ಅರಾಮಿಕ್ ನಿಘಂಟನ್ನು ಬಳಸುವುದು ಹೇಗೆ? ಯೆಹೂದ್ಯರ ಪ್ರಾಚೀನ ಗ್ರಂಥಗಳನ್ನು ಓದುವವರಿಗೆ ಒಂದು ಕೈಪಿಡಿ

ಚನ್ನಗಿರಿ ತಾಲೂಕಿನ ನಲ್ಲೂರಿನ ಕಡೆಯಿಂದ ಉಪದೇಶಿಯೊಬ್ಬರು ನಮಗೆ ಒಂದು ಪ್ರಶ್ನೆ ಕಳುಹಿಸಿದ್ದಾರೆ. ಶುಭಶುಕ್ರವಾರದ ಧ್ಯಾನಕ್ಕೆ ಅವರು ಸಿದ್ಧತೆ ಮಾಡಿಕೊಳ್ಳುತ್ತಿದ್ದರಂತೆ. ಶಿಲುಬೆಯ ಮೇಲೆ ಯೇಸುಸ್ವಾಮಿ ಕೂಗಿ ಹೇಳಿದ 'ಸಬಕ್ತಾನಿ' ಎಂಬ ಮಾತಿಗೆ 'ಕೈಬಿಟ್ಟೆ' ಎಂಬ ಅರ್ಥವೇ ಇಲ್ಲ, ಅರಾಮಿಕ್ ಭಾಷೆಯಲ್ಲಿ ಅದಕ್ಕೆ ಬೇರೆಯೇ ಅರ್ಥವಿದೆ, ನಮ್ಮ ಬೈಬಲುಗಳೆಲ್ಲ ತಪ್ಪು ಎಂದು ಯಾರೋ ಅವರಿಗೆ ಹೇಳಿದರಂತೆ. "ಫಾದರ್, ಇದು ನಿಜವೇ? ಕಾಯಿಲೆಯಲ್ಲಿ ಮಲಗಿರುವವರ ಮನೆಗೆ ಹೋದಾಗ ನಾನು ಹೇಳುವ ಮೊದಲ ಮಾತೇ ಅದು. ದೇವರು ಕೈಬಿಟ್ಟಂತೆ ತೋರುವ ಹೊತ್ತು ಯೇಸುವಿಗೂ ಬಂದಿತ್ತು ಎಂದು ಹೇಳುತ್ತೇನೆ. ಅದನ್ನು ಇನ್ನು ಹೇಳಬಾರದೇ? ಸ್ವತಃ ಹುಡುಕಿ ನೋಡಲು ನಿಘಂಟು ಇದೆಯೇ?" ಎಂದು ಕೇಳಿದ್ದಾರೆ.

ಪ್ರಶ್ನೆ ಚಿಕ್ಕದಲ್ಲ. ನಿಘಂಟು ಇದೆ, ಒಂದಲ್ಲ, ಹಲವು ಇವೆ. ಆದರೆ ನಿಘಂಟು ಇದ್ದರೆ ಸಾಲದು, ಅದನ್ನು ತೆರೆಯುವ ಕ್ರಮವೂ ತಿಳಿದಿರಬೇಕು. ಕ್ರಮ ತಪ್ಪಿದರೆ ಅದೇ ನಿಘಂಟು ನಮ್ಮನ್ನು ದಾರಿ ತಪ್ಪಿಸುತ್ತದೆ. ಆದುದರಿಂದ ಈ ಲೇಖನದಲ್ಲಿ ಅರಾಮಿಕ್ ಎಂದರೇನು, ಅದರಲ್ಲಿರುವ ಯೆಹೂದ್ಯ ಗ್ರಂಥಗಳು ಯಾವುವು, ನಿಘಂಟುಗಳು ಯಾವುವು, ಒಂದು ಪದವನ್ನು ಹುಡುಕುವ ಬಗೆ ಹೇಗೆ ಎಂಬುದನ್ನು ಕ್ರಮವಾಗಿ ವಿವರಿಸಿ, ಕೊನೆಯಲ್ಲಿ ಉಪದೇಶಿಯವರ ಪ್ರಶ್ನೆಗೆ ಉತ್ತರ ಕೊಡುತ್ತೇವೆ.

ಅರಾಮಿಕ್ ಎಂದರೆ ಯಾವ ಭಾಷೆ?

ಅರಾಮಿಕ್ ಹೀಬ್ರೂವಿನ ಸೋದರ ಭಾಷೆ. ತುಳುವಿಗೂ ಕನ್ನಡಕ್ಕೂ ಇರುವಂಥ ನಂಟು ಇವೆರಡಕ್ಕೂ ಇದೆ ಎನ್ನಬಹುದು. ಎರಡೂ ಬೇರೆ ಭಾಷೆಗಳು, ಆದರೆ ಒಂದೇ ಮನೆತನದವು. ಪರ್ಷಿಯಾದ ಸಾಮ್ರಾಜ್ಯದಲ್ಲಿ ಕಚೇರಿ ಭಾಷೆಯಾಗಿ ಅರಾಮಿಕ್ ದೂರದೂರಕ್ಕೆ ಹರಡಿತು. ಬಾಬಿಲೋನಿನ ಸೆರೆವಾಸದ ನಂತರದ ಕಾಲದಲ್ಲಿ ಯೆಹೂದ್ಯರ ನಡುವೆಯೂ ಅದು ಆಡುಮಾತಾಗಿ ಬೇರೂರಿತು. ಯೇಸುಸ್ವಾಮಿಯ ಕಾಲದ ಗಲಿಲೇಯದಲ್ಲಿ ಜನರು ದಿನನಿತ್ಯ ಆಡುತ್ತಿದ್ದುದು ಈ ಭಾಷೆಯನ್ನೇ.

ಬೈಬಲಿನ ಹಳೆಯ ಒಡಂಬಡಿಕೆಯಲ್ಲೇ ಅರಾಮಿಕ್ ಭಾಗಗಳಿವೆ. ದಾನಿಯೇಲನ ಗ್ರಂಥದ 2:4ರ ನಡುವಿನಿಂದ 7ನೇ ಅಧ್ಯಾಯದ ಕೊನೆಯವರೆಗೆ, ಎಜ್ರನ ಗ್ರಂಥದ 4:8ರಿಂದ 6:18 ಹಾಗೂ 7:12ರಿಂದ 26, ಯೆರೆಮೀಯನ 10:11, ಆದಿಕಾಂಡ 31:47ರಲ್ಲಿ ಒಂದು ಸ್ಥಳದ ಹೆಸರು - ಇವೆಲ್ಲ ಅರಾಮಿಕ್. ಹೊಸ ಒಡಂಬಡಿಕೆ ಗ್ರೀಕಿನಲ್ಲಿದ್ದರೂ ಅದರೊಳಗೆ ತಲಿಥಾ ಕೂಮ್ (ಮಾರ್ಕ 5:41), ಎಪ್ಫಥಾ (ಮಾರ್ಕ 7:34), ಅಬ್ಬಾ (ಮಾರ್ಕ 14:36), ಮಾರನಾಥಾ (1 ಕೊರಿಂಥ 16:22) ಮುಂತಾದ ಅರಾಮಿಕ್ ನುಡಿಗಳು ಹಾಗೆಯೇ ಉಳಿದುಕೊಂಡಿವೆ.

ನಮ್ಮ ನಾಡಿಗೂ ಅರಾಮಿಕ್‌ಗೂ ಇರುವ ನಂಟು

ಇದು ಎಲ್ಲಿಯದೋ ದೂರದ ಭಾಷೆ, ನಮಗೇಕೆ ಎನ್ನುವವರಿದ್ದಾರೆ. ಅವರಿಗಾಗಿ ನಾಲ್ಕು ಸಂಗತಿಗಳನ್ನು ನೆನಪಿಸುತ್ತೇವೆ.

ಮೊದಲನೆಯದು ನಲ್ಲೂರಿನವರಿಗೆ ಹತ್ತಿರದ್ದು. ನೆರೆಯ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಬಿ.ಎಲ್. ರೈಸ್ ಅವರು 1892ರಲ್ಲಿ ಅದನ್ನು ಬೆಳಕಿಗೆ ತಂದರು. ಶಾಸನ ಇರುವುದು ಬ್ರಾಹ್ಮಿ ಲಿಪಿಯಲ್ಲಿ. ಆದರೆ ಅದನ್ನು ಬರೆದ ಚಪಡ ಎಂಬ ಲಿಪಿಕಾರ ಕೊನೆಯಲ್ಲಿ ತನ್ನ ವೃತ್ತಿಯ ಹೆಸರನ್ನು ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಬಲದಿಂದ ಎಡಕ್ಕೆ ಬರೆಯುವ ಆ ಖರೋಷ್ಠಿ ಅರಾಮಿಕ್ ಲಿಪಿಯಿಂದ ಬೆಳೆದದ್ದೆಂದು ವಿದ್ವಾಂಸರು ಹೇಳುತ್ತಾರೆ.

ಎರಡನೆಯದು ಮಂಗಳೂರಿನದು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕ ಮಂಗಳೂರಿನಲ್ಲಿ ನೆಲೆಸಿ ವ್ಯಾಪಾರ ಮಾಡುತ್ತಿದ್ದ, ಕಂಚು ಹಿತ್ತಾಳೆಯ ಕಾರ್ಖಾನೆಯನ್ನೂ ಇಟ್ಟಿದ್ದ. ಅವನ ಪತ್ರಗಳು ಈಜಿಪ್ಟಿನ ಕೈರೋ ಬಳಿಯ ಫುಸ್ತಾತಿನ ಬೆನ್ ಎಜ್ರ ಸಭಾಮಂದಿರದಲ್ಲಿ, ಹಳೆಯ ಕಾಗದಗಳನ್ನು ಹಾಕಿಡುತ್ತಿದ್ದ 'ಗೆನೀಜಾ' ಕೋಣೆಯ ರಾಶಿಯಲ್ಲಿ ಉಳಿದು ಬಂದವು. ವಿದ್ವಾಂಸ ಎಸ್.ಡಿ. ಗೊಯ್ಟೈನ್ ಅವುಗಳನ್ನು ಅಭ್ಯಾಸ ಮಾಡಿದರು. ಸಾಹಿತಿ ಅಮಿತಾವ್ ಘೋಷ್ 1992ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಈ ಕಥೆಯನ್ನು ಎಲ್ಲರಿಗೂ ತಿಳಿಸಿದರು. ಬೆನ್ ಯಿಜುವಿನ ಪರವಾಗಿ ಏಡನ್‌ಗೆ ಹೋಗಿಬರುತ್ತಿದ್ದ ಆಳಿನ ಹೆಸರು 'ಬೊಮ್ಮ' ಇರಬೇಕೆಂದು ಘೋಷ್ ಅವರಿಗೆ ಗುರುತಿಸಲು ನೆರವಾದವರು ನಮ್ಮ ಪ್ರೊ. ಬಿ.ಎ. ವಿವೇಕ ರೈ. 1132ರ ಅಕ್ಟೋಬರ್ 17ರಂದು ಬೆನ್ ಯಿಜು ಮಂಗಳೂರಿನಲ್ಲೇ ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಯೆಹೂದ್ಯ ಕಾನೂನಿನಲ್ಲಿ ಇಂಥ ಪತ್ರಗಳ ಸೂತ್ರಭಾಷೆ ಅರಾಮಿಕ್. ಅಂದರೆ ಅರಾಮಿಕ್ ನಿಘಂಟು ಹಿಡಿದು ಓದಬೇಕಾದ ಬರಹದ ಪರಂಪರೆ ಒಂಬೈನೂರು ವರ್ಷಗಳ ಹಿಂದೆಯೇ ಈ ಕರಾವಳಿಯನ್ನು ತಲುಪಿತ್ತು.

ಮೂರನೆಯದು, ನಮ್ಮ ಸಿರೋ ಮಲಬಾರ್ ಸೋದರರ ಸುರಿಯಾನಿ ಪರಂಪರೆ. ಸುರಿಯಾನಿ ಅರಾಮಿಕ್‌ನದೇ ಒಂದು ಉಪಭಾಷೆ. ಬೆಳ್ತಂಗಡಿಯಲ್ಲಿ 1999ರಲ್ಲಿ, ಭದ್ರಾವತಿಯಲ್ಲಿ 2007ರಲ್ಲಿ ಅವರ ಧರ್ಮಪ್ರಾಂತ್ಯಗಳು ಸ್ಥಾಪನೆಯಾದವು. ಅವರು ಬಲಿಪೂಜೆಯನ್ನು 'ಕುರ್ಬಾನ' ಎನ್ನುತ್ತಾರೆ. 'ಕಾಣಿಕೆ' ಎಂಬರ್ಥದ ಅದೇ ಮಾತು ಮಾರ್ಕ 7:11ರಲ್ಲಿ 'ಕೊರ್ಬಾನ್' ಎಂದು ಬರುತ್ತದೆ.

ನಾಲ್ಕನೆಯದು ಕರಾವಳಿಯ ಕೊಂಕಣಿ ಮನೆಗಳಲ್ಲೇ ಇದೆ. ಪುನರುತ್ಥಾನದ ಹಬ್ಬವನ್ನು ನಾವು 'ಪಾಸ್ಕಾಂಚೆಂ ಫೆಸ್ತ್' ಎನ್ನುತ್ತೇವೆ. ಪೋರ್ಚುಗೀಸರಿಂದ ನಮಗೆ, ಲ್ಯಾಟಿನ್‌ನಿಂದ ಅವರಿಗೆ, ಗ್ರೀಕಿನಿಂದ ಲ್ಯಾಟಿನ್‌ಗೆ ಬಂದ ಈ ಪದದ ಮೂಲ ಅರಾಮಿಕ್‌ನ 'ಪಸ್ಹಾ', ಅಂದರೆ ಪಾಸ್ಕ ಹಬ್ಬ.

ಓದಬೇಕಾದ ಗ್ರಂಥಗಳು ಯಾವುವು?

ಬೈಬಲಿನ ಅರಾಮಿಕ್ ಭಾಗಗಳನ್ನು ಬಿಟ್ಟರೆ ಯೆಹೂದ್ಯರ ಅರಾಮಿಕ್ ಸಾಹಿತ್ಯದಲ್ಲಿ ಮುಖ್ಯವಾದವು ಮೂರು.

ತಾರ್ಗುಮ್: ಸಭಾಮಂದಿರದಲ್ಲಿ ಹೀಬ್ರೂ ಪಾಠವನ್ನು ಓದಿದಾಗ ಜನರಿಗೆ ತಿಳಿಯಲೆಂದು ಮಾಡುತ್ತಿದ್ದ ಅರಾಮಿಕ್ ಅನುವಾದ. ಮೋಶೆಯ ಪಂಚಗ್ರಂಥಗಳಿಗೆ ಓಂಕೆಲೋಸ್ ತಾರ್ಗುಮ್, ಪ್ರವಾದಿಗಳ ಗ್ರಂಥಗಳಿಗೆ ಯೋನಾತಾನ್ ತಾರ್ಗುಮ್ ಪ್ರಸಿದ್ಧ. ನೆಯೋಫಿತಿ ಎಂಬ ಇನ್ನೊಂದು ತಾರ್ಗುಮಿನ ಹಸ್ತಪ್ರತಿ ವ್ಯಾಟಿಕನ್ ಗ್ರಂಥಾಲಯದಲ್ಲೇ ಇತ್ತು. ಆದರೆ ಅದನ್ನು ಬೇರೆ ಗ್ರಂಥವೆಂದು ತಪ್ಪಾಗಿ ಪಟ್ಟಿ ಮಾಡಿದ್ದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ. ಸ್ಪೇನಿನ ಗುರು ಅಲೆಹಾಂದ್ರೊ ದಿಯೆಸ್ ಮಾಚೊ ಅವರು 1956ರಲ್ಲಿ ಅದರ ನಿಜಸ್ವರೂಪವನ್ನು ಜಗತ್ತಿಗೆ ತಿಳಿಸಿದರು.

ತಾಲ್ಮುದ್: ಮಿಷ್ನಾ ಎಂಬ ಹೀಬ್ರೂ ಧರ್ಮಶಾಸ್ತ್ರದ ಮೇಲೆ ತಲೆಮಾರುಗಳ ಪಂಡಿತರು ನಡೆಸಿದ ಚರ್ಚೆ. ಪ್ಯಾಲೆಸ್ತೀನಿನದು ಒಂದು, ಬಾಬಿಲೋನಿನದು ಇನ್ನೊಂದು. ಬಾಬಿಲೋನಿನ ತಾಲ್ಮುದಿನಲ್ಲಿ ಹೀಬ್ರೂ, ಅರಾಮಿಕ್ ಎರಡೂ ಒಂದೇ ಸಾಲಿನಲ್ಲಿ ಬೆರೆತಿರುತ್ತವೆ.

ಕುಮ್ರಾನ್ ಸುರುಳಿಗಳು: 1947ರಿಂದ ಮೃತ ಸಮುದ್ರದ ಬಳಿ ದೊರೆತ ಹಸ್ತಪ್ರತಿಗಳಲ್ಲಿ ಅರಾಮಿಕ್ ಬರಹಗಳೂ ಇವೆ. ಇವು ಯೇಸುವಿನ ಕಾಲಕ್ಕೆ ಬಹಳ ಹತ್ತಿರದವು. ಆದ್ದರಿಂದ ಇವುಗಳ ಬೆಲೆ ಹೆಚ್ಚು.

ನಿಘಂಟುಗಳ ಪರಿಚಯ

ಅರಾಮಿಕ್ ನಿಘಂಟಿನ ಇತಿಹಾಸ ಹಳೆಯದು. ರೋಮ್ ನಗರದ ನಾತಾನ್ ಬೆನ್ ಯೆಹಿಯೇಲ್ ಎಂಬ ಯೆಹೂದ್ಯ ಪಂಡಿತ 1101ರಲ್ಲಿ 'ಅರೂಖ್' ಎಂಬ ತಾಲ್ಮುದ್ ನಿಘಂಟನ್ನು ಮುಗಿಸಿದ. ಕ್ರೈಸ್ತರಲ್ಲಿ ಯೊಹಾನ್ನೆಸ್ ಬುಕ್ಸ್‌ಟೋರ್ಫ್ ಎಂಬ ತಂದೆ ಆರಂಭಿಸಿದ ನಿಘಂಟನ್ನು ಅದೇ ಹೆಸರಿನ ಮಗ ಪೂರೈಸಿ 1639-40ರಲ್ಲಿ ಬಾಸೆಲ್ ನಗರದಲ್ಲಿ ಪ್ರಕಟಿಸಿದ. ಸುಮಾರು ಎರಡು ಶತಮಾನಗಳ ನಂತರ ಅದೇ ಬಾಸೆಲ್‌ನಿಂದ ಬಂದ ಮಿಶನರಿಗಳು ಮಂಗಳೂರಿನಲ್ಲಿ ಅಚ್ಚುಕೂಟ ತೆರೆದರು ಎಂಬುದು ಗಮನಿಸಬೇಕಾದ ಸಂಗತಿ.

ಇಂದಿಗೂ ಎಲ್ಲರೂ ಮೊದಲು ಕೈಗೆತ್ತಿಕೊಳ್ಳುವುದು ಮಾರ್ಕಸ್ ಯಾಸ್ಟ್ರೋ ಅವರ ನಿಘಂಟನ್ನು. ಅವರು 1829ರಲ್ಲಿ ಪೋಲೆಂಡ್ ನೆಲದಲ್ಲಿ ಹುಟ್ಟಿದವರು. ವಾರ್ಸಾದಲ್ಲಿ ರಬ್ಬಿಯಾಗಿದ್ದಾಗ ಪೋಲಿಷ್ ಜನರ ಪರವಾಗಿ ನಿಂತದ್ದಕ್ಕೆ ರಷ್ಯಾದ ಆಡಳಿತದಿಂದ ಸೆರೆವಾಸ ಅನುಭವಿಸಿದರು. 1866ರಲ್ಲಿ ಅಮೆರಿಕದ ಫಿಲಡೆಲ್ಫಿಯಕ್ಕೆ ಹೋಗಿ ಅಲ್ಲಿ ಈ ಕೆಲಸ ಮಾಡಿದರು. ತಾರ್ಗುಮ್, ಎರಡೂ ತಾಲ್ಮುದ್ ಮತ್ತು ಮಿದ್ರಾಷ್ ಗ್ರಂಥಗಳ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಕೊಡುವ ಈ ನಿಘಂಟು 1886ರಿಂದ 1903ರವರೆಗೆ ಬಿಡಿ ಸಂಚಿಕೆಗಳಾಗಿ ಹೊರಬಂದು 1,700ಕ್ಕೂ ಹೆಚ್ಚು ಪುಟಗಳಷ್ಟಾಯಿತು. ಅದು ಮುಗಿದ ವರ್ಷವೇ ಅವರು ತೀರಿಕೊಂಡರು.

ಅದೇ ಕಾಲದಲ್ಲಿ ನಮ್ಮ ಕರಾವಳಿಯಲ್ಲಿ ಏನು ನಡೆಯುತ್ತಿತ್ತು ನೋಡಿ. ಯೇಸುಸಭೆಯ ಗುರು ಮಾಫೈ ಅವರ ಇಂಗ್ಲಿಷ್-ಕೊಂಕಣಿ ನಿಘಂಟು 1883ರಲ್ಲಿ, ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ, ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ - ಎಲ್ಲವೂ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಲ್ಲಿ ಮುದ್ರಣಗೊಂಡವು. ಕಿಟ್ಟೆಲ್ ನಿಘಂಟನ್ನು ಬಳಸಿ ಅಭ್ಯಾಸವಿದ್ದವರಿಗೆ ಯಾಸ್ಟ್ರೋ ನಿಘಂಟು ಅಪರಿಚಿತವೆನಿಸದು. ಪದ, ಅದರ ರೂಪಗಳು, ಅರ್ಥಗಳು, ಆ ಅರ್ಥ ಯಾವ ಗ್ರಂಥದಲ್ಲಿ ಎಲ್ಲಿ ಬಂದಿದೆ ಎಂಬ ಉದಾಹರಣೆ - ಎರಡರಲ್ಲೂ ಇರುವುದು ಇದೇ ಕ್ರಮ.

ಯಾಸ್ಟ್ರೋ ನಿಘಂಟಿಗೆ ಮಿತಿಗಳೂ ಇವೆ. ಅವರ ಕಾಲಕ್ಕೆ ಕುಮ್ರಾನ್ ಸುರುಳಿಗಳು ಸಿಕ್ಕಿರಲಿಲ್ಲ, ನೆಯೋಫಿತಿ ತಿಳಿದಿರಲಿಲ್ಲ. ಹೀಬ್ರೂ, ಅರಾಮಿಕ್, ಬೇರೆ ಬೇರೆ ಕಾಲ, ಬೇರೆ ಬೇರೆ ಪ್ರದೇಶ - ಎಲ್ಲವನ್ನೂ ಅವರು ಒಂದೇ ಸಾಲಿನಲ್ಲಿ ಜೋಡಿಸಿದ್ದಾರೆ. ಗ್ರೀಕ್ ಅಥವಾ ಪರ್ಷಿಯನ್ ಮೂಲದ ಎಷ್ಟೋ ಪದಗಳಿಗೆ ಹೀಬ್ರೂ ಮೂಲವನ್ನೇ ಹುಡುಕುತ್ತಾರೆ. ಈ ಕೊರತೆಯನ್ನು ತುಂಬಿದವರು ಮೈಕೆಲ್ ಸೊಕೊಲೊಫ್. ಅವರು ಪ್ಯಾಲೆಸ್ತೀನಿನ ಯೆಹೂದ್ಯ ಅರಾಮಿಕ್‌ಗೆ 1990ರಲ್ಲಿ, ಬಾಬಿಲೋನಿನದಕ್ಕೆ 2002ರಲ್ಲಿ, ಯೂದಾಯ ಪ್ರಾಂತ್ಯದ್ದಕ್ಕೆ 2003ರಲ್ಲಿ ಪ್ರತ್ಯೇಕ ನಿಘಂಟುಗಳನ್ನು ಪ್ರಕಟಿಸಿದರು. ಅಮೆರಿಕದ ಹೀಬ್ರೂ ಯೂನಿಯನ್ ಕಾಲೇಜಿನ 'ಸಮಗ್ರ ಅರಾಮಿಕ್ ಪದಕೋಶ' ಯೋಜನೆ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಸೆಫಾರಿಯಾ ಎಂಬ ಜಾಲತಾಣದಲ್ಲಿ ತಾರ್ಗುಮ್, ತಾಲ್ಮುದ್‌ಗಳ ಜೊತೆಗೆ ಯಾಸ್ಟ್ರೋ ನಿಘಂಟೂ ಇದೆ.

ಒಂದು ಪದವನ್ನು ಹುಡುಕುವ ಕ್ರಮ

1. ಅಕ್ಷರ ಗುರುತಿಸಿ. ಅರಾಮಿಕ್‌ನಲ್ಲಿ 22 ಅಕ್ಷರಗಳು, ಬಲದಿಂದ ಎಡಕ್ಕೆ ಬರವಣಿಗೆ. ಕನ್ನಡದಲ್ಲಿ ಬರೆದುಕೊಂಡ ಉಚ್ಚಾರವನ್ನು ಹಿಡಿದು ಹುಡುಕಬಾರದು. ಅಲ್ಲಿ ನಮ್ಮ 'ಹ'ಕ್ಕೆ ಎರಡು ಅಕ್ಷರ, 'ಕ'ಕ್ಕೆ ಎರಡು, 'ತ'ಕ್ಕೆ ಎರಡು. ಹೀಬ್ರೂವಿನ 'ಕೋಲ್' ಎಂಬುದನ್ನು ಕಾಫ್ ಅಕ್ಷರದಲ್ಲಿ ಬರೆದರೆ 'ಎಲ್ಲ', ಕೋಫ್ ಅಕ್ಷರದಲ್ಲಿ ಬರೆದರೆ 'ದನಿ'.

2. ಅಂಟಿಕೊಂಡದ್ದನ್ನು ಬಿಡಿಸಿ. ಕನ್ನಡದಲ್ಲಿ 'ಮರದಿಂದಲೂ' ಎಂಬುದರ ಅರ್ಥ ಬೇಕಾದರೆ 'ಮರ' ಎಂದು ನೋಡುತ್ತೇವೆ. ನಮ್ಮಲ್ಲಿ ಪ್ರತ್ಯಯ ಹಿಂದೆ ಅಂಟುತ್ತದೆ, ಅರಾಮಿಕ್‌ನಲ್ಲಿ ಮುಂದೆಯೂ ಅಂಟುತ್ತದೆ. 'ದ್ಮಲ್ಕಾ' ಎಂದರೆ 'ರಾಜನ'. ಮೊದಲಿನ 'ದ್' ಎಂದರೆ ಷಷ್ಠಿಯ ಸಂಬಂಧ, ಕೊನೆಯ 'ಆ' ಎಂದರೆ 'ಆ ನಿರ್ದಿಷ್ಟ' ಎಂಬ ಸೂಚನೆ. ಉಳಿದದ್ದು ಮ-ಲ-ಕ.

3. ಮೂಲಾಕ್ಷರ ಹಿಡಿಯಿರಿ. ಹೆಚ್ಚಿನ ಪದಗಳು ಮೂರು ವ್ಯಂಜನಗಳ ಮೂಲದಿಂದ ಹುಟ್ಟಿದವು. 'ಬಂದನು' ಎಂಬುದನ್ನು ಕಿಟ್ಟೆಲ್‌ನಲ್ಲಿ 'ಬರು' ಎಂಬಲ್ಲಿ ಹುಡುಕುವಂತೆ ಇಲ್ಲಿಯೂ ಕ್ರಿಯಾಪದವನ್ನು ಮೂಲಕ್ಕೆ ಇಳಿಸಬೇಕು. 'ಎಪ್ಫಥಾ' ಎಂಬುದರ ಮೂಲ 'ತೆರೆ' ಎಂಬರ್ಥದ ಪ-ತ-ಹ.

4. ಅಡಗಿದ ಅಕ್ಷರಗಳ ಬಗ್ಗೆ ಎಚ್ಚರ. 'ಹೊರಗೆ ಹೋಗು' ಎಂಬ ನ-ಪ-ಕ ಮೂಲದಲ್ಲಿ 'ನ' ಕೆಲವು ರೂಪಗಳಲ್ಲಿ ಮುಂದಿನ ಅಕ್ಷರದೊಳಗೆ ಕರಗಿಹೋಗುತ್ತದೆ. ಶ, ಸ ಗಳಿಂದ ಆರಂಭವಾಗುವ ಮೂಲಗಳಲ್ಲಿ ಕರ್ಮಣಿಯ 'ತ' ಮೂಲಾಕ್ಷರಗಳ ನಡುವೆ ನುಸುಳುತ್ತದೆ. ಶ-ಬ-ಕ ಎಂಬುದು 'ಇಶ್ತೆಬೇಕ್' ಆಗುತ್ತದೆ. 'ಇ' ಎಂಬಲ್ಲಿ ಹುಡುಕಿದರೆ ಸಿಗುವುದಿಲ್ಲ.

5. ಭಾಷೆಯ ಗುರುತು ನೋಡಿ. ಯಾಸ್ಟ್ರೋ ನಿಘಂಟಿನಲ್ಲಿ ಹೀಬ್ರೂ ಪದಕ್ಕೂ ಅರಾಮಿಕ್ ಪದಕ್ಕೂ ಬೇರೆ ಬೇರೆ ನಮೂದುಗಳಿವೆ. ಅರಾಮಿಕ್ ಪದಕ್ಕೆ 'ಕ್ಯಾಲ್ಡಿಯನ್ನರ ಭಾಷೆ' ಎಂಬ ಹಳೆಯ ಹೆಸರಿನ ಸಂಕ್ಷೇಪ ಹಾಕಿದ್ದಾರೆ. ಒಂದೇ ಕಾಗುಣಿತದ ಬೇರೆ ಪದಗಳಿಗೆ ರೋಮನ್ ಅಂಕಿಗಳಿವೆ. ಮೊದಲಿನದ್ದನ್ನೇ ಹಿಡಿದು ನಿಲ್ಲಬಾರದು.

6. ಉದಾಹರಣೆಯ ಜಾಗಕ್ಕೆ ಹೋಗಿ ಓದಿ. 'ಬೆರಾಖೋತ್ 2ಎ' ಎಂದಿದ್ದರೆ ಬೆರಾಖೋತ್ ಭಾಗದ ಎರಡನೆಯ ಹಾಳೆಯ ಮೊದಲ ಮುಖ ಎಂದರ್ಥ. ಅರ್ಥವನ್ನು ನಿರ್ಣಯಿಸುವುದು ಅಲ್ಲಿನ ವಾಕ್ಯ. ನಿಘಂಟು ಕೊಡುವುದು ಸಾಧ್ಯತೆಗಳ ಪಟ್ಟಿಯನ್ನು ಮಾತ್ರ.

ಈ ಆರನೆಯ ಹೆಜ್ಜೆಯನ್ನು ಬಿಟ್ಟವರೇ ಹೆಚ್ಚಾಗಿ ಎಡವುವುದು. ಮೂರು ಪದಗಳಿಂದ ಇದನ್ನು ತೋರಿಸುತ್ತೇವೆ.

ಮೊದಲ ಪದ: ಅಬ್ಬಾ

ಗುರುದೀಕ್ಷೆಯ ನಂತರದ ಮೊದಲ ವರ್ಷಗಳಲ್ಲಿ ನಾವೇ ಪ್ರಬೋಧನೆಗಳಲ್ಲಿ 'ಅಬ್ಬಾ ಎಂದರೆ ಪುಟ್ಟ ಮಗು ತೊದಲುತ್ತಾ ಕರೆಯುವ ಮಾತು' ಎಂದು ಎಷ್ಟೋ ಸಲ ಹೇಳಿದ್ದೇವೆ. ಜನ ಮೆಚ್ಚಿ ತಲೆದೂಗಿದ್ದೂ ಉಂಟು. ನಾವು ಮಾತ್ರ ನಿಘಂಟು ತೆರೆದು ನೋಡಿರಲಿಲ್ಲ. ಜರ್ಮನಿಯ ಯೋವಾಕಿಂ ಯೆರೆಮಿಯಾಸ್ ಅವರ ಬರಹಗಳಿಂದ ಈ ವಿಚಾರ ಹರಡಿತು. ಅವರೇ ಮುಂದೆ ಅದನ್ನು ತಿದ್ದಿಕೊಂಡರೂ ಪ್ರಸಂಗಗಳಲ್ಲಿ ಅದು ಉಳಿದುಬಿಟ್ಟಿತು. 1988ರಲ್ಲಿ ಜೇಮ್ಸ್ ಬಾರ್ ಎಂಬ ವಿದ್ವಾಂಸರು ಅದನ್ನು ಪದರಪದರವಾಗಿ ಪರಿಶೀಲಿಸಿ ಅಲ್ಲಗಳೆದರು.

ನಿಘಂಟಿನ ಪ್ರಕಾರ 'ಅಬ್ಬಾ' ಎಂದರೆ ತಂದೆ. ಪಂಡಿತರ ಗೌರವನಾಮವಾಗಿಯೂ ಅದು ಬರುತ್ತದೆ. ಉದಾಹರಣೆಯ ಜಾಗಕ್ಕೆ ಹೋಗಿ ನೋಡಿ. ಓಂಕೆಲೋಸ್ ತಾರ್ಗುಮಿನಲ್ಲಿ ಆದಿಕಾಂಡ 27:31ರಲ್ಲಿ ಬೇಟೆಯಿಂದ ಮರಳಿದ ಏಸಾವ ತಂದೆಯನ್ನು ಹೀಗೆಯೇ ಕರೆಯುತ್ತಾನೆ. ಏಸಾವ ಆಗ ಮಗುವಲ್ಲ, ನಲವತ್ತು ದಾಟಿದ, ಮದುವೆಯಾದ ಗಂಡಸು. ಹೊಸ ಒಡಂಬಡಿಕೆಯೂ 'ಅಬ್ಬಾ' ಎಂಬುದಕ್ಕೆ ಪಕ್ಕದಲ್ಲಿ ಕೊಡುವ ಗ್ರೀಕ್ ಪದ ಮಗುವಿನ ಮಾತಲ್ಲ, 'ತಂದೆ' ಎಂಬ ಸಾಧಾರಣ ಪದ. ಮನೆಯ ಮಗ, ಚಿಕ್ಕವನಿರಲಿ ದೊಡ್ಡವನಿರಲಿ, ಸಲಿಗೆಯಿಂದಲೂ ಗೌರವದಿಂದಲೂ ಕರೆಯುವ ಕರೆ ಅದು. ನಮ್ಮ 'ಅಪ್ಪ' ಎಂಬುದೂ ಹಾಗೆಯೇ ಅಲ್ಲವೇ? ಅರವತ್ತರ ಮಗನೂ ತಂದೆಯನ್ನು ಅಪ್ಪ ಎಂದೇ ಕರೆಯುತ್ತಾನೆ.

ಇಲ್ಲಿ ಇನ್ನೊಂದು ಎಚ್ಚರಿಕೆ. 'ಅಬ್ಬಾ', 'ಅಪ್ಪ' ಒಂದೇ ರೀತಿ ಕೇಳಿಸುವುದರಿಂದ ಎರಡಕ್ಕೂ ಮೂಲ ಒಂದೇ ಎನ್ನುವವರಿದ್ದಾರೆ. ಹಳೆಗನ್ನಡದಲ್ಲಿ 'ಅಬ್ಬೆ' ಎಂದರೆ ತಾಯಿ. ತುಳುವಿನಲ್ಲಿ 'ಅಪ್ಪೆ' ಎಂದರೆ ತಾಯಿ, 'ಅಮ್ಮೆ' ಎಂದರೆ ತಂದೆ! ಒಂದೇ ಮನೆತನದ ಭಾಷೆಗಳಲ್ಲೇ ಹೀಗಿರುವಾಗ, ಕಿವಿಗೆ ಕೇಳಿಸಿದ ಹೋಲಿಕೆಯನ್ನು ನಂಬಿ ಅರ್ಥ ಹೇಳಬಾರದು.

ಎರಡನೆಯ ಪದ: ಹೋಬಾ

ಕರ್ತರ ಪ್ರಾರ್ಥನೆಯಲ್ಲಿ ಮತ್ತಾಯ (6:12) ಬಳಸಿದ ಗ್ರೀಕ್ ಪದಕ್ಕೆ 'ಸಾಲಗಳು' ಎಂದರ್ಥ, ಲೂಕ (11:4) ಬಳಸಿದ್ದಕ್ಕೆ 'ಪಾಪಗಳು' ಎಂದರ್ಥ. ಯೇಸು ಹೇಳಿದ್ದು ಯಾವುದು? ಯಾಸ್ಟ್ರೋ ನಿಘಂಟಿನಲ್ಲಿ 'ಹೋಬಾ' ಎಂಬ ಪದ ನೋಡಿ. ಮೂಲ ಹ-ವ-ಬ, 'ಬದ್ಧನಾಗಿರು, ತಪ್ಪಿತಸ್ಥನಾಗಿರು'. ಅರ್ಥ: ಸಾಲ, ತಪ್ಪು, ಪಾಪ. ಓಂಕೆಲೋಸ್ ತಾರ್ಗುಮಿನಲ್ಲಿ, ಚಿನ್ನದ ಕರುವಿನ ಪ್ರಸಂಗದಲ್ಲಿ (ವಿಮೋಚನಾಕಾಂಡ 32:31) ಹೀಬ್ರೂವಿನ 'ಪಾಪ' ಎಂಬ ಪದಕ್ಕೆ ಬಳಸಿರುವುದು ಇದನ್ನೇ. ಅರಾಮಿಕ್ ಆಡುವವನಿಗೆ ಪಾಪವೆಂದರೆ ತೀರಿಸಬೇಕಾಗಿ ಉಳಿದ ಸಾಲವೂ ಹೌದು. ಇಬ್ಬರು ಶುಭಸಂದೇಶಕಾರರು ಒಂದೇ ಪದದ ಎರಡು ಮುಖಗಳನ್ನು ಹಿಡಿದಿರಬಹುದೆಂದು ವಿದ್ವಾಂಸರು ಹೇಳುವುದು ಇದರಿಂದಲೇ. 'ಋಣ' ಎಂಬ ಪದವನ್ನು ಬಲ್ಲ ನಮಗೆ ಇದು ಬೇಗ ತಿಳಿಯುತ್ತದೆ. ಅಡಿಕೆಯ ಬೆಲೆ ಬಿದ್ದ ವರ್ಷ ಸೊಸೈಟಿಯ ಸಾಲದ ಚೀಟಿ ಹಿಡಿದು ಕುಳಿತ ಮನೆಯವರಿಗೆ 'ಸಾಲ ಬಿಡುವುದು' ಎಂದರೇನೆಂದು ವಿವರಿಸಬೇಕಾಗಿಲ್ಲ.

ಮೂರನೆಯ ಪದ: ಸಬಕ್ತಾನಿ

ಈಗ ನಲ್ಲೂರಿನ ಪ್ರಶ್ನೆಗೆ ಬರೋಣ. ಪದವನ್ನು ಬಿಡಿಸಿದರೆ ಶ-ಬ-ಕ ಮೂಲ, 'ನೀನು' ಎಂಬ ಕರ್ತೃವಿನ ಪ್ರತ್ಯಯ, 'ನನ್ನನ್ನು' ಎಂಬ ಕರ್ಮದ ಪ್ರತ್ಯಯ ಸಿಗುತ್ತವೆ. ಗ್ರೀಕಿನಲ್ಲಿ 'ಶ' ಇಲ್ಲದ್ದರಿಂದ 'ಸ' ಆಗಿದೆ. ನಿಘಂಟಿನಲ್ಲಿ ಶ-ಬ-ಕ ಎಂಬುದಕ್ಕೆ ಹಲವು ಅರ್ಥಗಳಿವೆ: ಬಿಟ್ಟುಹೋಗು, ಕೈಬಿಡು, ಇರಗೊಡು, ಅನುಮತಿ ಕೊಡು, ಕ್ಷಮಿಸು, ಹೆಂಡತಿಯನ್ನು ಬಿಡು. ಪಟ್ಟಿ ನೋಡಿದ ಕೂಡಲೇ ಕೆಲವರು ತಮಗೆ ಇಷ್ಟವಾದ ಅರ್ಥವನ್ನು ಆರಿಸಿಕೊಂಡು, 'ಉಳಿಸಿದೆ', 'ಇರಿಸಿಕೊಂಡೆ' ಎಂದೆಲ್ಲ ಹೇಳಿಬಿಡುತ್ತಾರೆ. ಯೇಸು ದೇವರಿಂದ ಕೈಬಿಡಲ್ಪಟ್ಟವನಂತೆ ಕೂಗಿದರು ಎಂದು ಹೇಳಲು ಅವರಿಗೆ ಸಂಕೋಚ.

ಆದರೆ ಕನ್ನಡಿಗರಿಗೆ ಈ ಪಟ್ಟಿ ಗೊಂದಲ ತರಬೇಕಿಲ್ಲ. ನಮ್ಮ 'ಬಿಡು' ಎಂಬ ಕ್ರಿಯಾಪದ ಹೆಚ್ಚುಕಡಿಮೆ ಇದೇ ಅರ್ಥಗಳನ್ನೆಲ್ಲ ಹೊತ್ತಿದೆ. ಊರು ಬಿಟ್ಟ, ಒಳಗೆ ಬಿಟ್ಟ, ಹೆಂಡತಿಯನ್ನು ಬಿಟ್ಟ, ಸಾಲ ಬಿಟ್ಟ, 'ಹೋಗಲಿ ಬಿಡು' ಎಂದು ಕ್ಷಮಿಸಿದ, ಕೈಬಿಟ್ಟ. 'ಬಿಡು' ಎಂಬುದಕ್ಕೆ ನಿಘಂಟಿನಲ್ಲಿ ಕ್ಷಮೆಯ ಅರ್ಥವಿದೆ ಎಂದು 'ಮಗ ಮುದಿ ತಾಯಿಯನ್ನು ಬಿಟ್ಟ' ಎಂಬ ವಾಕ್ಯಕ್ಕೆ 'ಕ್ಷಮಿಸಿದ' ಎಂದು ಯಾರಾದರೂ ಅರ್ಥ ಹೇಳಿದರೆ ನಾವು ಒಪ್ಪುತ್ತೇವೆಯೇ? ವಾಕ್ಯವೇ ಅರ್ಥವನ್ನು ನಿರ್ಣಯಿಸುತ್ತದೆ.

ಇಲ್ಲಿ ಅರ್ಥವನ್ನು ನಿರ್ಣಯಿಸುವ ಸಾಕ್ಷಿಗಳು ಎರಡು. ಸಂತ ಮಾರ್ಕ (15:34) ಅರಾಮಿಕ್ ಮಾತನ್ನು ಬರೆದು ಪಕ್ಕದಲ್ಲೇ ಗ್ರೀಕ್ ಅರ್ಥವನ್ನೂ ಕೊಟ್ಟಿದ್ದಾನೆ, ಆ ಗ್ರೀಕ್ ಪದಕ್ಕೆ 'ಕೈಬಿಡು' ಎಂದೇ ಅರ್ಥ. ಮತ್ತು ಇದು 22ನೇ ಕೀರ್ತನೆಯ ಆರಂಭದ ಮಾತು. ಅಲ್ಲಿನ ಹೀಬ್ರೂ ಕ್ರಿಯಾಪದಕ್ಕೆ 'ತೊರೆ' ಎಂಬ ಅರ್ಥದಲ್ಲಿ ಸಂದೇಹವಿಲ್ಲ, ಯೆಹೂದ್ಯರ ತಾರ್ಗುಮ್ ಕೂಡ ಅದನ್ನು ಶ-ಬ-ಕ ಎಂದೇ ಅನುವಾದಿಸಿದೆ. ಆದ್ದರಿಂದ ನಮ್ಮ ಬೈಬಲುಗಳಲ್ಲಿರುವ ಅರ್ಥ ಸರಿಯಾಗಿದೆ.

ಆದರೂ ನಿಘಂಟು ತೆರೆದದ್ದು ವ್ಯರ್ಥವಾಗಲಿಲ್ಲ. ವಿಮೋಚನಾಕಾಂಡ 32:32ರ ಓಂಕೆಲೋಸ್ ತಾರ್ಗುಮ್ ನೋಡಿ. ಜನರ ಪಾಪವನ್ನು ಕ್ಷಮಿಸೆಂದು ಮೋಶೆ ಬೇಡುವಾಗ ಬಳಸಿರುವುದು ಇದೇ ಶ-ಬ-ಕ, ಪಾಪಕ್ಕೆ ಇದೇ 'ಹೋಬಾ'. ಸುರಿಯಾನಿ ಬೈಬಲಿನ ಕರ್ತರ ಪ್ರಾರ್ಥನೆಯಲ್ಲೂ 'ಕ್ಷಮಿಸು' ಎಂಬುದಕ್ಕೆ ಇದೇ ಮೂಲ. ತಾರ್ಗ‍ುಮ್ ನಂತರದ ಕಾಲದ್ದಲ್ಲವೇ ಎಂದು ಕೇಳಿದರೆ, ಕುಮ್ರಾನಿನ ನಾಲ್ಕನೆಯ ಗುಹೆಯಲ್ಲಿ ಸಿಕ್ಕ 'ನಬೋನಿದನ ಪ್ರಾರ್ಥನೆ' ಎಂಬ, ಯೇಸುವಿನ ಕಾಲಕ್ಕಿಂತ ಮೊದಲಿನ ಅರಾಮಿಕ್ ಬರಹದಲ್ಲೂ ಪಾಪಗಳನ್ನು ಬಿಡುವುದಕ್ಕೆ ಈ ಪದವೇ ಇದೆ. ಮಿಷ್ನಾದ ಗಿಟ್ಟೀನ್ 9:3ರಲ್ಲಿ ಹೆಂಡತಿಗೆ ಕೊಡುವ ಬಿಡುಗಡೆಯ ಓಲೆಗೂ ಈ ಮೂಲದ ಪದವಿದೆ. ದಾಸಿಯನ್ನು ಬಿಡುಗಡೆ ಮಾಡುವ ಪತ್ರದ ತಿರುಳನ್ನು, ಅಂದರೆ ಇನ್ನು ಮುಂದೆ ಆಕೆ ತನಗೆ ತಾನೇ ಒಡತಿ ಎಂಬುದನ್ನು, ಹೇಳುವುದೂ ಅದೇ ಪಾಠ. ಮಂಗಳೂರಿನಲ್ಲಿ ಆಶುವಿಗೆ ದೊರೆತ ಪತ್ರ ಆ ಪರಂಪರೆಗೆ ಸೇರಿದ್ದು.

ಮರೆಯಬಾರದ ಎಚ್ಚರಿಕೆಗಳು

ಶುಭಸಂದೇಶಗಳು ನಮಗೆ ದೊರೆತಿರುವುದು ಗ್ರೀಕಿನಲ್ಲಿ. ಅದರ ಹಿಂದಿರಬಹುದಾದ ಅರಾಮಿಕ್ ಮಾತನ್ನು ಊಹಿಸಬಹುದು, ಊಹೆಯನ್ನು ಮೂಲವೆಂದು ಸಾರಬಾರದು.

ಗ್ರಂಥದ ಕಾಲ ನೋಡಬೇಕು. ಬಾಬಿಲೋನಿನ ತಾಲ್ಮುದ್ ಯೇಸುವಿನ ನಂತರ ಐದಾರು ಶತಮಾನಗಳಲ್ಲಿ ರೂಪುಗೊಂಡದ್ದು. ಅದರ ಒಂದು ಪದದ ಅರ್ಥವನ್ನು ನೇರವಾಗಿ ನಜರೇತಿಗೆ ಒಯ್ಯುವುದು, ಇಂದಿನ ದಿನಪತ್ರಿಕೆಯ ಕನ್ನಡದಿಂದ ಪಂಪನಿಗೆ ಅರ್ಥ ಹೇಳಿದಂತೆ.

ಕೊನೆಯ ಎಚ್ಚರಿಕೆ ಎಲ್ಲಕ್ಕಿಂತ ಭಾರವಾದದ್ದು. ತಾಲ್ಮುದನ್ನು ಅರಿಯದೆ, ಅಲ್ಲೊಂದು ಇಲ್ಲೊಂದು ಸಾಲು ಕಿತ್ತು ಯೆಹೂದ್ಯರ ಮೇಲೆ ದೋಷ ಹೊರಿಸಿದ ಇತಿಹಾಸ ಕ್ರೈಸ್ತರಿಗಿದೆ. 1242ರಲ್ಲಿ ಪ್ಯಾರಿಸಿನಲ್ಲಿ, 1553ರಲ್ಲಿ ರೋಮಿನಲ್ಲಿ ತಾಲ್ಮುದ್ ಪ್ರತಿಗಳನ್ನು ಸುಟ್ಟರು. ಬೆಂಕಿಗೆ ಬಿದ್ದದ್ದು ಪುಸ್ತಕಗಳು, ನೋವುಂಡದ್ದು ಒಂದು ಜನಾಂಗ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು 'ನೋಸ್ತ್ರ ಎತಾತೆ' ಘೋಷಣೆಯಲ್ಲಿ ಯೆಹೂದ್ಯರ ಮೇಲಿನ ದ್ವೇಷವನ್ನು ಖಂಡಿಸಿ, ಬೈಬಲ್ ಅಧ್ಯಯನದ ಮೂಲಕ ಪರಸ್ಪರ ಅರಿವು ಬೆಳೆಸಿಕೊಳ್ಳುವಂತೆ ಹೇಳಿತು. ಇಂದಿಗೂ ತಾಲ್ಮುದಿನ ಹೆಸರಿನಲ್ಲಿ ಕಿತ್ತ ಸಾಲುಗಳು ಫೋನಿನಿಂದ ಫೋನಿಗೆ ಹರಿದಾಡುತ್ತವೆ. ಜಾಗ ನೋಡದೆ, ಪೂರ್ತಿ ಓದದೆ ಮುಂದಕ್ಕೆ ಕಳುಹಿಸುವುದು ಆ ಬೆಂಕಿಗೆ ಕಡ್ಡಿ ಹಾಕಿದಂತೆಯೇ.

ಆರಂಭಿಸುವವರಿಗೆ

ಗುರುಮಠದಲ್ಲಿ ಕಲಿತವರೇ ಆಗಬೇಕೆಂದಿಲ್ಲ. ಮೊದಲು 22 ಅಕ್ಷರಗಳನ್ನು ಬರೆದು ಕಲಿಯಿರಿ, ದಿನಕ್ಕೆ ಅರ್ಧ ಗಂಟೆಯಂತೆ ಎರಡು ವಾರ ಸಾಕು. ಅನಂತರ ದಾನಿಯೇಲನ ಅರಾಮಿಕ್ ಭಾಗವನ್ನು ಕನ್ನಡ ಬೈಬಲಿನ ಜೊತೆಗಿಟ್ಟುಕೊಂಡು ಓದಿ. ಇದಕ್ಕೆ 1906ರ ಬ್ರೌನ್-ಡ್ರೈವರ್-ಬ್ರಿಗ್ಸ್ ನಿಘಂಟಿನ ಕೊನೆಯಲ್ಲಿ ಪ್ರತ್ಯೇಕ ಅರಾಮಿಕ್ ಭಾಗವಿದೆ. ಅದು ಕೈಗೆ ಹತ್ತಿದ ಮೇಲೆ ಓಂಕೆಲೋಸ್, ಜೊತೆಗೆ ಯಾಸ್ಟ್ರೋ. ತಾಲ್ಮುದನ್ನು ಬಲ್ಲವರ ನೆರವಿಲ್ಲದೆ ಆರಂಭಿಸಬೇಡಿ. ಒಂದು ನೋಟ್ ಪುಸ್ತಕದಲ್ಲಿ ಪದ, ಮೂಲ, ಅರ್ಥ, ಜಾಗ - ಈ ನಾಲ್ಕನ್ನು ಬರೆದಿಡಿ. ಜಾಗ ಬರೆಯದ ಅರ್ಥವನ್ನು ಪ್ರಬೋಧನೆಯಲ್ಲಿ ಹೇಳಬೇಡಿ. ಈ ಕೊನೆಯ ನಿಯಮವನ್ನು ನಾವು ನಮಗಾಗಿಯೇ ಮಾಡಿಕೊಂಡಿದ್ದೇವೆ.

ನಲ್ಲೂರಿನ ಉಪದೇಶಿಯವರಿಗೆ ನಮ್ಮ ಉತ್ತರ ಇಷ್ಟೇ: ನೀವು ಹಾಸಿಗೆಯ ಪಕ್ಕದಲ್ಲಿ ಕುಳಿತು ಹೇಳುತ್ತಾ ಬಂದ ಮಾತು ಸರಿಯಾಗಿದೆ, ಅದನ್ನು ಬದಲಿಸಬೇಡಿ. ಶಿಲುಬೆಯ ಮೇಲಿನ ಕೂಗು ಕೈಬಿಡಲ್ಪಟ್ಟವನ ಕೂಗೇ. ಇನ್ನು ಮುಂದೆ ಬೇಕಾದರೆ ಇದೊಂದನ್ನು ಸೇರಿಸಿಕೊಳ್ಳಿ. ಆ ಜನರ ಭಾಷೆಯಲ್ಲಿ ಕೈಬಿಡುವುದಕ್ಕೂ ಪಾಪವನ್ನು ಬಿಡುವುದಕ್ಕೂ ಇದ್ದದ್ದು ಒಂದೇ ಪದ, ನಮ್ಮ ಕನ್ನಡದಲ್ಲಿರುವಂತೆಯೇ. ಯಾರಾದರೂ 'ಇದು ಎಲ್ಲಿದೆ?' ಎಂದು ಕೇಳಿದರೆ ವಿಮೋಚನಾಕಾಂಡ 32:32, ಓಂಕೆಲೋಸ್ ತಾರ್ಗುಮ್ ಎಂದು ಜಾಗ ತೋರಿಸಿ.